ಬರೆಯದೆ ಬಿಟ್ಟ ಕೊಲೆ

ನಾನು ಸಸ್ಪೆನ್ಸ್ ಕಾದಂಬರಿ ಬರೆಯುವವಳು. ಮೊದಲು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತವೆ, ಆಮೇಲೆ ಪುಸ್ತಕವಾಗುತ್ತವೆ. ಎಷ್ಟು ಜನರನ್ನು ಸಾಯಿಸಿದ್ದೇನೆ ಎಂದು ನನಗೇ ನೆನಪಿಲ್ಲ. ಬಾವಿಗೆ ತಳ್ಳಿದ್ದೇನೆ, ಔಷಧಿ ಅದಲು ಬದಲು ಮಾಡಿದ್ದೇನೆ, ಒಬ್ಬ ಸಂಗೀತದ ಮೇಷ್ಟ್ರನ್ನು ತಂಬೂರಿಯ ತಂತಿಯಲ್ಲೇ ಮುಗಿಸಿದ್ದೇನೆ. ಇಷ್ಟೆಲ್ಲ ಮಾಡಿಯೂ ಮೈಸೂರಿನ ಅಗ್ರಹಾರದ ನಮ್ಮ ಬೀದಿಯಲ್ಲಿ ಯಾರೂ ನನಗೆ ಹೆದರುವುದಿಲ್ಲ. ತರಕಾರಿಯವನು ಮೆತ್ತಗಾದ ಟೊಮೇಟೊಗಳನ್ನು ಹುಡುಕಿ ಹುಡುಕಿ ನನ್ನ ಚೀಲಕ್ಕೇ ಹಾಕುತ್ತಾನೆ.

ಕೆಲವು ವರ್ಷಗಳ ಹಿಂದೆ ನನ್ನ ಪ್ರಕಾಶಕರು ಫೋನ್ ಮಾಡಿ ಒಂದು ಕಥೆಯ ಎಳೆ ಕೊಟ್ಟರು. ಊರಾಚೆ ಒಂದು ಆರೋಗ್ಯಧಾಮ. ಒಬ್ಬರಿಗೊಬ್ಬರು ಗುರುತಿಲ್ಲದ ಜನ ಅಲ್ಲಿಗೆ ಬಂದು ಸೇರುತ್ತಾರೆ. ಅವರ ಫೋನುಗಳನ್ನು ಇಸಿದುಕೊಂಡು ಬೀಗ ಹಾಕುತ್ತಾರೆ. ಒಬ್ಬರು ಸಾಯುತ್ತಾರೆ. ಈಗ ಇಂಥದ್ದೇ ಓಡ್ತಿರೋದು ಮೇಡಂ, ಬೇಗ ಬರೀರಿ ಎಂದರು. ನಾನು ಅಂಥ ಜಾಗಕ್ಕೆ ಜನ್ಮದಲ್ಲಿ ಕಾಲಿಟ್ಟವಳಲ್ಲ. ಗೋಕುಲಂ ಕಡೆ ಹೋದಾಗ ಯೋಗದ ಚಾಪೆ ಸುತ್ತಿ ಬೆನ್ನಿಗೇರಿಸಿಕೊಂಡು ಎಳನೀರು ಕುಡಿಯುತ್ತ ನಿಂತ ವಿದೇಶಿಯರನ್ನು ನೋಡಿದ್ದೆ, ಅಷ್ಟೇ. ಒಂದು ವಾರ ಎಲ್ಲಾದರೂ ಹೋಗಿ ಇದ್ದು ನೋಡಿಬರಬೇಕು ಎಂದು ಮನೆಯಲ್ಲಿ ಹೇಳಿದೆ.

ನಮ್ಮ ಯಜಮಾನರದು ಕನ್ನಡಕದ ಅಂಗಡಿ. ಜಗಳ ಎಂದರೆ ಅವರಿಗೆ ಆಗದು. ಮನೆಯಲ್ಲಿ ದನಿ ಏರಿತೆಂದರೆ ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟುಬಿಡುತ್ತಾರೆ, ಭಾನುವಾರವಾದರೂ ಸರಿ. ಅಂಗಡಿ ಇಷ್ಟು ಚೆನ್ನಾಗಿ ನಡೆಯುವುದಕ್ಕೆ ನಾನು ಮತ್ತು ನನ್ನ ಅತ್ತೆಯೇ ಕಾರಣ. ಮದುವೆಯಾಗಿ ಬಂದ ವರ್ಷದಿಂದಲೂ ನಮ್ಮಿಬ್ಬರಿಗೆ ಆಗಿಬರಲಿಲ್ಲ, ಮಕ್ಕಳು ಬೆಳೆದು ಬೇರೆ ಊರು ಸೇರಿದ ಮೇಲೂ. ನಾನು ಬರೆಯಲು ಕೂತರೆ ಅವರು ನಡುಮನೆಯಲ್ಲಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ, "ಕೂತ್ಕಂಡ್ಳಪ್ಪ, ಹೆಣ ಬೀಳಿಸೋಕೆ" ಅನ್ನುತ್ತಿದ್ದರು. ನಾನೂ ಸುಮ್ಮನಿರುವ ಪೈಕಿ ಅಲ್ಲ. ನನ್ನ ನಾಲ್ಕಾರು ಕಾದಂಬರಿಗಳಲ್ಲಿ ಸಾಯುವ ಮುದುಕಿಯ ಎಡಗೆನ್ನೆಯ ಮೇಲೆ ದಪ್ಪ ಮಚ್ಚೆ ಇರುತ್ತದೆ. ಅತ್ತೆಯ ಎಡಗೆನ್ನೆಯ ಮೇಲೂ ಇದೆ. ಅತ್ತೆ ಪುಸ್ತಕ ಓದುವವರಲ್ಲ, ಆದರೆ ಪಕ್ಕದ ಮನೆಯವಳು ಓದುತ್ತಾಳೆ, ಓದಿದ್ದನ್ನು ಕಾಂಪೌಂಡಿನ ಆಚೆಯಿಂದ ಒಪ್ಪಿಸುತ್ತಾಳೆ.

ಯಜಮಾನರು ಒಂದು ದಿನ ಬಂದವರೇ, ಜಾಗ ಗೊತ್ತುಮಾಡಿದ್ದೇನೆ, ಅಮ್ಮನೂ ನೀನೂ ಒಟ್ಟಿಗೆ ಹೋಗಿಬನ್ನಿ ಎಂದರು. ಅಮ್ಮನ ಸಕ್ಕರೆ ಕಾಯಿಲೆಗೂ ಒಳ್ಳೆಯದು, ನಿನ್ನ ಕಾದಂಬರಿಗೂ ಆಯಿತು, ಅಲ್ಲಿ ಹಗಲೆಲ್ಲ ಮೌನವ್ರತವಂತೆ, ಹಾಗಾಗಿ ಜಗಳದ ಪ್ರಶ್ನೆಯೇ ಇಲ್ಲ. ಈ ಕೊನೆಯ ಮಾತನ್ನು ಹೇಳುವಾಗ ಅವರ ಮುಖದಲ್ಲಿದ್ದ ನೆಮ್ಮದಿ ನೋಡಿ ನನಗೆ ಮೈಯೆಲ್ಲ ಉರಿಯಿತು. ನಮ್ಮಿಬ್ಬರ ಬಾಯಿಗೂ ಬೀಗ ಹಾಕಿಸಿ ತಾವು ಮನೆಯಲ್ಲಿ ಕಾಲು ಚಾಚಿಕೊಂಡು ಟೀವಿ ನೋಡುವ ಉಪಾಯ ಅದು. ಅತ್ತೆ ಹೋಗುವುದಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಮಗ ಹೇಳಿದ ಮೇಲೆ ಅವರಿಗೆ ಅದು ವೇದವಾಕ್ಯ.

ಬೋಗಾದಿ ದಾಟಿ ಇನ್ನೂ ಮುಂದೆ, ಬಸ್ಸು ನಿಲ್ಲದ ಕಡೆ ಆ ಧಾಮ. ಸುತ್ತ ಎತ್ತರದ ಕಾಂಪೌಂಡು, ಒಳಗೆ ಮಾವಿನ ಮರಗಳು, ಹೆಂಚಿನ ಸಾಲು ಕೋಣೆಗಳು. ಅದನ್ನು ನಡೆಸುವವರನ್ನು ಎಲ್ಲರೂ ಗುರೂಜಿ ಅನ್ನುತ್ತಿದ್ದರು. ಇಸ್ತ್ರಿ ಮುರಿಯದ ಬಿಳಿ ಪಂಚೆ, ಕತ್ತರಿಸಿ ಒಪ್ಪಮಾಡಿದ ಗಡ್ಡ, ಮಾತಾಡುವಾಗ ಕಣ್ಣು ಮುಚ್ಚಿಕೊಳ್ಳುವ ಚಟ. ಗೇಟಿನಲ್ಲೇ ಫೋನು ಕೊಡಬೇಕು. ತಿನ್ನುವ ಪದಾರ್ಥ ಏನೇ ಇದ್ದರೂ ಕೊಡಬೇಕು. ಮಾತ್ರೆಗಳನ್ನೂ ಕೊಡಬೇಕು, ಉಪವಾಸ ಮಾಡುವ ದೇಹಕ್ಕೆ ಮಾತ್ರೆ ಬೇಡ ಎಂದರು. ಅತ್ತೆ ತಮ್ಮ ಮಾತ್ರೆಯ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದರು. ಅಷ್ಟು ವಿನಯವನ್ನು ನಾನು ಅವರಲ್ಲಿ ಅದೇ ಮೊದಲು ಕಂಡದ್ದು.

ಮೊದಲ ದಿನ ಸೊಪ್ಪಿನ ನೀರು ಸಾರು ಕೊಟ್ಟರು. ಮರುದಿನದಿಂದ ಅಡುಗೆಮನೆಗೆ ಬೀಗ, ಕೀಲಿ ಗುರೂಜಿಯ ಸೊಂಟದಲ್ಲಿ. ಹಜಾರದ ಮೇಜಿನ ಮೇಲೆ ಬೂದುಗುಂಬಳದ ರಸ ಇಟ್ಟಿರುತ್ತಾರೆ, ಅದೇ ತಿಂಡಿ, ಅದೇ ಊಟ. ಉಪ್ಪಿಲ್ಲ, ಜೇನುತುಪ್ಪವಿಲ್ಲ. ಕುಡಿದರೆ ಪಾತ್ರೆ ತೊಳೆದ ನೀರು ಕುಡಿದ ಹಾಗೆ. ಹಗಲೆಲ್ಲ ಮೌನ. ಸಂಜೆ ಮಾತ್ರ ಎಲ್ಲರೂ ಸುತ್ತ ಕೂತು ಮನಸ್ಸು ಬಿಚ್ಚುವ ಒಂದು ಕ್ರಮವಿತ್ತು. ಒಬ್ಬೊಬ್ಬರೇ ತಮ್ಮ ದುಃಖ ಹೇಳಬೇಕು, ಉಳಿದವರು ತಲೆಯನ್ನೂ ಆಡಿಸಬಾರದು, ಉತ್ತರ ಕೊಡುವ ಮಾತಂತೂ ಇಲ್ಲವೇ ಇಲ್ಲ. ಇಡೀ ವಾರಕ್ಕೆ ಒಬ್ಬರಿಗೆ ಒಂದೇ ಸರದಿ, ಅದು ಮುಗಿದರೆ ಮುಗಿಯಿತು.

ನಾವು ಎಂಟು ಜನ. ಅಪರಿಚಿತರನ್ನು ನೋಡಲೆಂದೇ ಹೋದವಳು ನಾನು, ಬಿಡುತ್ತೇನೆಯೇ? ಯಾರು ಕೊಲ್ಲುತ್ತಾರೆ, ಯಾರು ಸಾಯುತ್ತಾರೆ ಎಂದು ಮೊದಲ ದಿನವೇ ಪಾತ್ರ ಹಂಚಿಬಿಟ್ಟೆ. ಬ್ಯಾಂಕಿನ ಮ್ಯಾನೇಜರಾಗಿ ನಿವೃತ್ತರಾದ ಒಬ್ಬರಿದ್ದರು, ಸಕ್ಕರೆ ಬಿಟ್ಟು ವರ್ಷವಾಯಿತು ಎಂದು ಬಂದ ಸಂಜೆಯೇ ಎಲ್ಲರ ಮುಂದೆ ಘೋಷಿಸಿದವರು. ಸೀರೆ ಅಂಗಡಿಯ ಒಡತಿಯೊಬ್ಬಳು, ಉಪವಾಸಕ್ಕೂ ದಿನಕ್ಕೊಂದು ರೇಷ್ಮೆ ಅಂಚಿನ ಸೀರೆ. ಗೋಕುಲಂನಲ್ಲಿ ಯೋಗ ಕಲಿಯುತ್ತಿದ್ದ ಒಂದು ವಿದೇಶಿ ಹುಡುಗಿ, ಇನ್ನು ಮೂವರು ನನಗೆ ಪ್ರಯೋಜನಕ್ಕೆ ಬಾರದ ಸಪ್ಪೆ ಜನ. ನಾನು ಒಡತಿಯನ್ನು ಸಾಯಿಸುವುದೆಂದೂ, ಬ್ಯಾಂಕಿನವರ ಮೇಲೆ ಅನುಮಾನ ಬರಿಸುವುದೆಂದೂ ತೀರ್ಮಾನಿಸಿದೆ. ಅನುಮಾನಕ್ಕೆ ಆಧಾರವೂ ಸಿಕ್ಕಿತು. ಮಧ್ಯಾಹ್ನ ಎಲ್ಲರೂ ಮಲಗಿರುವಾಗ ಅವರ ಕೋಣೆಯ ಕಿಟಕಿಯಿಂದ ಕಾಫಿಯ ವಾಸನೆ ಬರುತ್ತಿತ್ತು. ಮೈಸೂರಿನಲ್ಲಿ ಹುಟ್ಟಿ ಬೆಳೆದ ಮೂಗು ನನ್ನದು, ಈ ವಿಷಯದಲ್ಲಿ ತಪ್ಪುವುದಿಲ್ಲ. ಒಂದು ದಿನ ಒಡತಿಯೂ ಆ ಕೋಣೆಯಿಂದ ತುಟಿ ಒರೆಸಿಕೊಳ್ಳುತ್ತ ಹೊರಬಂದಳು.

ಅಂದು ಸಂಜೆ ನನ್ನ ಸರದಿ ಮೊದಲು ಬಂತು. ನನಗೆ ಅಂಥ ದುಃಖವೇನಿಲ್ಲ, ಬೆನ್ನು ನೋವಿದೆ ಎಂದು ಹೇಳಿ ಮುಗಿಸಿದೆ. ನನ್ನ ಪಕ್ಕದಲ್ಲೇ ಅತ್ತೆ. ಅವರು ಸೆರಗು ಹೊದ್ದು, ತಲೆ ತಗ್ಗಿಸಿ, ಮೆಲ್ಲಗೆ ಶುರುಮಾಡಿದರು.

"ನನ್ನ ಸೊಸೆ ಕೊಲೆ ಪುಸ್ತಕ ಬರೀತಾಳೆ. ಅದ್ರಲ್ಲಿ ಸಾಯೋ ಮುದ್ಕಿ ನಾನೇ. ಮಚ್ಚೆ ಸಮೇತ ಬರ್ದವ್ಳೆ. ಯಾವತ್ತು ಅದ್ನ ನಿಜ ಮಾಡ್ಬುಡ್ತಾಳೋ ಅಂತ ಒಂದೊಂದ್ ದಿನ ಅನ್ನ ಗಂಟ್ಲಲ್ಲಿ ಇಳಿಯಲ್ಲ."

ಹೇಳಿ ಕಣ್ಣೊರೆಸಿಕೊಂಡರು. ಎಲ್ಲರ ಕಣ್ಣೂ ಮೊದಲು ಅವರ ಮಚ್ಚೆಯ ಕಡೆಗೆ, ಆಮೇಲೆ ನನ್ನ ಕಡೆಗೆ ತಿರುಗಿದವು. ನಾನು ಬಾಯಿ ತೆರೆಯುವಷ್ಟರಲ್ಲಿ ಗುರೂಜಿ ಕಣ್ಣು ಮುಚ್ಚಿಕೊಂಡೇ ಕೈಯೆತ್ತಿದರು. ಕ್ರಮವೆಂದರೆ ಕ್ರಮ, ಉತ್ತರ ಕೊಡುವ ಹಾಗಿಲ್ಲ. ಕೋಣೆಗೆ ಹೋದ ಮೇಲೆ ಕೇಳೋಣವೆಂದರೆ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಮನೆಯಲ್ಲಾಗಿದ್ದರೆ ಅವರು ಒಂದು ಅನ್ನುತ್ತಿದ್ದರು, ನಾನು ಎರಡು ಅನ್ನುತ್ತಿದ್ದೆ, ಲೆಕ್ಕ ಚುಕ್ತಾ ಆಗುತ್ತಿತ್ತು. ಇಲ್ಲಿ ನಾನು ಹೇಳಬೇಕಾದ್ದೆಲ್ಲ ಎದೆಯಲ್ಲೇ ಕೂತು ಕುದಿಯತೊಡಗಿತು.

ಮರುದಿನದಿಂದ ನೋಡಬೇಕಿತ್ತು ಆ ಜನರನ್ನು. ಮಾತಿಲ್ಲದ ಕಡೆ ಕಣ್ಣು ಎಷ್ಟು ಹೊಲಸಾಗಿ ಮಾತಾಡುತ್ತದೆ ಎಂದು ನನಗೆ ಆಗ ತಿಳಿಯಿತು. ನಾನು ಹಾದುಹೋದರೆ ಬ್ಯಾಂಕಿನವರು ತಮ್ಮ ರಸದ ಲೋಟದ ಮೇಲೆ ಅಂಗೈ ಮುಚ್ಚುತ್ತಿದ್ದರು. ಒಡತಿ ಅತ್ತೆಯ ಪಕ್ಕದಲ್ಲಿ ಚಾಪೆ ಹಾಕಿಕೊಂಡು ನನಗೂ ಅವರಿಗೂ ನಡುವೆ ಗೋಡೆಯಾಗಿ ಕೂರುತ್ತಿದ್ದಳು. ಏನೂ ಅರ್ಥವಾಗದ ಆ ವಿದೇಶಿ ಹುಡುಗಿ ಕೂಡ ನನ್ನನ್ನು ಕಂಡರೆ ದಾರಿ ಬಿಟ್ಟು ನಿಲ್ಲುತ್ತಿದ್ದಳು. ಅತ್ತೆ ಎಲ್ಲರಿಗೂ ಕೈಮುಗಿದು, ನಗುನಗುತ್ತ, ಸಾಕ್ಷಾತ್ ಸಾಧ್ವಿಯ ಹಾಗೆ ಓಡಾಡಿಕೊಂಡಿದ್ದರು. ಆ ನಗುವಿನ ಕೊನೆಯ ತುದಿ ಮಾತ್ರ ನನಗೆಂದೇ ಮೀಸಲು. ನನಗೆ ಅವರ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ನನ್ನ ಕಾದಂಬರಿಯಲ್ಲಿ ಒಡತಿಯ ಪ್ರಾಣ ಉಳಿಸಿ ಇವರನ್ನೇ ಮೊದಲ ಅಧ್ಯಾಯದಲ್ಲಿ ತೆಗೆದುಬಿಡುವುದೆಂದು ನಿಶ್ಚಯಿಸಿದೆ.

ಎರಡು ದಿನ ಬಿಟ್ಟು, ಬೆಳಗಿನ ರಸದ ಹೊತ್ತಿಗೆ ಅತ್ತೆ ಬರಲಿಲ್ಲ. ನೋಡಿದರೆ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದಾರೆ. ಸೆರಗು ನೆಲದ ಮೇಲೆ. ಮೈಯೆಲ್ಲ ಬೆವರಿ ರವಿಕೆ ಒದ್ದೆಯಾಗಿ ಅಂಟಿಕೊಂಡಿದೆ, ಕೈ ನಡುಗುತ್ತಿದೆ. ತೊದಲುತ್ತ ಏನೋ ಹೇಳುತ್ತಿದ್ದರು. ಎಮ್ಮೆ ಕಟ್ಟಿದಿಯೇನೇ ಎಂದು ನನ್ನನ್ನೇ ಕೇಳಿದರು. ಅವರ ತವರಿನಲ್ಲಿ ಎಮ್ಮೆಗಳಿದ್ದವಂತೆ, ಅವರ ಅವ್ವನ ಕಾಲದಲ್ಲಿ.

ಜನ ಸುತ್ತ ಸೇರಿದರು. ಗುರೂಜಿ ಬಂದು ಅವರ ಹಣೆ ಮುಟ್ಟಿ ನೋಡಿ, ಯಾರೂ ತಡೀಬೇಡಿ, ಒಳಗಿನ ಕಲ್ಮಶ ಹೊರಗೆ ಹೋಗ್ತಾ ಇದೆ, ಇದು ಶುಭ ಎಂದರು. ಕೂಡಲೇ ಬ್ಯಾಂಕಿನವರು ಕೈಮುಗಿದು ಕೂತರು. ಒಡತಿಯೂ ಕೂತಳು. ನೋಡುತ್ತಿದ್ದಂತೆ ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದು, ಬೆವರುತ್ತಿರುವ ಒಬ್ಬ ಮುದುಕಿಯ ಸುತ್ತ ಧ್ಯಾನಕ್ಕೆ ಕೂತುಬಿಟ್ಟರು.

ನನ್ನ ತಾಯಿಗೂ ಸಕ್ಕರೆ ಕಾಯಿಲೆ ಇತ್ತು. ರಕ್ತದಲ್ಲಿ ಸಕ್ಕರೆ ಇಳಿದಾಗ ಮನುಷ್ಯರು ಹೇಗಾಗುತ್ತಾರೆ ಎಂದು ಚಿಕ್ಕಂದಿನಿಂದ ಕಂಡವಳು ನಾನು. ಒಂದು ಲೋಟ ಸಕ್ಕರೆ ನೀರು ಕುಡಿಸಿದರೆ ಎದ್ದು ಕೂರುತ್ತಾರೆ, ತಡಮಾಡಿದರೆ ಏಳುವುದೇ ಇಲ್ಲ. ಮೌನ ಗೀನ ಎಲ್ಲ ಅಲ್ಲೇ ಬಿಟ್ಟೆ. ಇವರಿಗೆ ಸಕ್ಕರೆ ಇಳಿದಿದೆ, ಅಡುಗೆಮನೆ ತೆಗೀರಿ ಎಂದು ಕೂಗಿದೆ. ಗುರೂಜಿ ಕೀಲಿಯ ಮೇಲೆ ಕೈಯಿಟ್ಟುಕೊಂಡು ನಕ್ಕರು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕೊಡಿ ಅಂತೀರಲ್ಲ ತಾಯಿ ಎಂದರು. ಹಾಗೆ ಹೇಳಿ ಅತ್ತೆಯ ಕಡೆಗೂ ನನ್ನ ಕಡೆಗೂ ಒಂದು ಸಲ ನೋಡಿದರು, ಆ ನೋಟದ ಅರ್ಥ ಎಲ್ಲರಿಗೂ ಆಯಿತು.

ಮಧ್ಯಾಹ್ನದ ಕಾಫಿಯ ವಾಸನೆ ನೆನಪಾಗಿ ನಾನು ಬ್ಯಾಂಕಿನವರ ಮುಂದೆ ಹೋಗಿ ನಿಂತೆ. "ನಿಮ್ಮ ಹತ್ರ ಸಕ್ಕರೆ ಇದೆ. ಕೊಡಿ" ಎಂದೆ.

ಅವರು ಕಣ್ಣು ತೆರೆದರು. ಪಕ್ಕದಲ್ಲಿದ್ದ ಒಡತಿಯೂ ತೆರೆದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಆಮೇಲೆ ನೆಲ ನೋಡಿದರು. ಸಕ್ಕರೆ ಬಿಟ್ಟು ವರ್ಷವಾಯಿತು ಎಂದು ಎಲ್ಲರ ಮುಂದೆ ಹೇಳಿಯಾಗಿತ್ತಲ್ಲ. ಮೂರು ಮಾರು ದೂರದಲ್ಲಿ ಒಂದು ಜೀವ ಹೋಗುತ್ತಿದೆ, ಇವರಿಗೆ ಮರ್ಯಾದೆಯ ಚಿಂತೆ. ಅವರು ತುಟಿಯ ಮೇಲೆ ಬೆರಳಿಟ್ಟು ನನಗೆ ಮೌನವನ್ನು ನೆನಪಿಸಿದರು. ನನ್ನ ಇಷ್ಟು ವರ್ಷದ ಬರವಣಿಗೆಯಲ್ಲಿ ಇಂಥ ನೀಚನನ್ನು ನಾನು ಸೃಷ್ಟಿಸಿಲ್ಲ, ಸೃಷ್ಟಿಸಿದ್ದರೆ ಓದುಗರು ನಂಬುತ್ತಿರಲಿಲ್ಲ.

ಅವರ ಕೋಣೆಗೆ ನುಗ್ಗಿದೆ. ಬ್ಯಾಗನ್ನು ಹಾಸಿಗೆಯ ಮೇಲೆ ಸುರಿದೆ. ಟವೆಲ್ಲುಗಳ ನಡುವೆ ನೀರು ಕಾಯಿಸುವ ಕೆಟಲ್ಲು, ಕಾಫಿಪುಡಿಯ ಪೊಟ್ಟಣಗಳು, ಒಂದು ಸ್ಟೀಲಿನ ಡಬ್ಬಿ ತುಂಬ ಸಕ್ಕರೆ. ಲೋಟದ ಕಾಲು ಭಾಗ ಸಕ್ಕರೆ ಹಾಕಿ ನೀರು ಬೆರೆಸಿಕೊಂಡು, ಡಬ್ಬಿಯನ್ನೂ ಎತ್ತಿಕೊಂಡು ಓಡಿದೆ. ಒಡತಿ ನನ್ನ ತೋಳು ಹಿಡಿದಳು. ಕೊಡವಿದೆ, ಅವಳ ಬಳೆಯೊಂದು ಒಡೆಯಿತು. ಅತ್ತೆಯ ತಲೆಯನ್ನು ನನ್ನ ಭುಜಕ್ಕೆ ಒರಗಿಸಿಕೊಂಡು ಗುಟುಕು ಗುಟುಕಾಗಿ ಕುಡಿಸಿದೆ. ಮೊದಮೊದಲು ಕಟಬಾಯಿಂದ ಸುರಿದುಹೋಯಿತು. ಆಮೇಲೆ ನುಂಗತೊಡಗಿದರು. ಸಾಯಬೇಡಿ, ಇಷ್ಟು ಜನರ ಮುಂದೆ ನನ್ನ ಮೇಲೆ ಹಾಕಿ ಸಾಯಬೇಡಿ ಎಂದು ಅವರ ಕಿವಿಯಲ್ಲಿ ಹೇಳುತ್ತಲೇ ಇದ್ದೆ. ಆ ಹೊತ್ತಿಗೆ ನನಗೆ ಅವರ ಮೇಲೆ ಪ್ರೀತಿ ಉಕ್ಕಿತು ಎಂದರೆ ಸುಳ್ಳಾಗುತ್ತದೆ.

ಉಸಿರಾಟಕ್ಕೆ ಸಡಿಲವಾಗಲಿ ಎಂದು ಸೊಂಟದ ಕಡೆ ಸೀರೆ ಸಡಿಲಿಸುವಾಗ ಅಲ್ಲಿ ಸಿಕ್ಕಿಸಿಕೊಂಡಿದ್ದ ಎಲೆಅಡಿಕೆಯ ಚೀಲ ಚರಚರ ಅಂದಿತು. ತೆಗೆದು ನೋಡಿದರೆ ಒಳಗೆ ಎಲೆಯಿಲ್ಲ, ಅಡಿಕೆಯಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯ ಪಟ್ಟಿ, ಅರ್ಧಕ್ಕಿಂತ ಹೆಚ್ಚು ಖಾಲಿ. ಗೇಟಿನಲ್ಲಿ ಅಷ್ಟು ವಿನಯದಿಂದ ಡಬ್ಬಿ ಒಪ್ಪಿಸಿದ ಅತ್ತೆ ಒಂದು ಪಟ್ಟಿಯನ್ನು ಬಚ್ಚಿಟ್ಟುಕೊಂಡಿದ್ದರು. ಒಂದು ದಿನವೂ ಮಾತ್ರೆ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದ್ದನ್ನು ನಿಷ್ಠೆಯಿಂದ ಪಾಲಿಸಿದ್ದರು. ಊಟ ಬಿಡಿ ಎಂದು ಗುರೂಜಿ ಹೇಳಿದ್ದನ್ನೂ ಅಷ್ಟೇ ನಿಷ್ಠೆಯಿಂದ ಪಾಲಿಸಿದ್ದರು. ಹೊಟ್ಟೆಗೇನೂ ಇಲ್ಲದೆ ಆ ಮಾತ್ರೆ ನುಂಗಿದರೆ ಏನಾಗುತ್ತದೆ ಎಂದು ಯಾರನ್ನೂ ಕೇಳುವ ಹಾಗಿರಲಿಲ್ಲ, ಎಲ್ಲರಿಗೂ ಮೌನ.

ಸ್ವಲ್ಪ ಹೊತ್ತಿಗೆ ಅತ್ತೆಯ ಕಣ್ಣು ಸ್ಥಿಮಿತಕ್ಕೆ ಬಂತು. ಸೆರಗು ಎಳೆದುಕೊಂಡರು, ನನ್ನ ಭುಜದಿಂದ ದೂರ ಸರಿದು ಕೂತರು. ಗುರೂಜಿ ಮುಂದೆ ಬಂದು, ಅಮ್ಮಾ, ಸೊಸೆ ನಿಮಗೆ ಏನಾದರೂ ಕೊಟ್ಟಿದ್ದರಾ ಎಂದು ಕೇಳಿದರು. ಅತ್ತೆ ಎಲ್ಲರನ್ನೂ ಒಮ್ಮೆ ನೋಡಿದರು. ನನ್ನ ಕೈಯಲ್ಲಿದ್ದ ಚೀಲವನ್ನೂ ನೋಡಿದರು. ಆಮೇಲೆ ತುಟಿಯ ಮೇಲೆ ಬೆರಳಿಟ್ಟುಕೊಂಡರು. ಮೌನವ್ರತವಂತೆ.

ಅಲ್ಲಿಗೆ ನಾನು ಕೊಲೆಗಾರ್ತಿಯಾದೆ. ಗುರೂಜಿ ಆಫೀಸಿಗೆ ಹೋಗಿ ನಮ್ಮ ಯಜಮಾನರಿಗೆ ಫೋನ್ ಮಾಡಿದರು. ಅವರು ಬರುವವರೆಗೆ ನನ್ನನ್ನು ಅತ್ತೆಯ ಹತ್ತಿರ ಬಿಡಲಿಲ್ಲ. ಸಕ್ಕರೆ ಮತ್ತೆ ಇಳಿಯುತ್ತದೆ, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಎಂದು ನಾನು ದೂರದಿಂದಲೇ ಹೇಳುತ್ತಿದ್ದೆ, ಇನ್ನೊಂದು ಲೋಟ ಸಕ್ಕರೆ ನೀರು ಕೊಡಿ ಎಂದು ಡಬ್ಬಿಯ ಕಡೆ ಕೈ ತೋರಿಸಿ ಗೋಗರೆದೆ. ಕೊನೆಗೆ ಆ ವಿದೇಶಿ ಹುಡುಗಿ ಎದ್ದು ಬೆರೆಸಿ ಕುಡಿಸಿದಳು. ನಾನು ಮುಟ್ಟಿದ ಲೋಟವನ್ನು ಬಿಟ್ಟು ಬೇರೆ ಲೋಟ ತೆಗೆದುಕೊಂಡಳು.

ನನಗೆ ಇದ್ದದ್ದು ಒಂದೇ ಧೈರ್ಯ. ಇವರೆಲ್ಲ ನಿನ್ನೆ ಮೊನ್ನೆ ಕಂಡ ಜನ, ಇವರು ಏನಂದುಕೊಂಡರೆ ನನಗೇನು? ಯಜಮಾನರು ಬರಲಿ, ಅವರಿಗೆ ಒಂದು ಮಾತಿನಲ್ಲಿ ಅರ್ಥವಾಗುತ್ತದೆ ಎಂದುಕೊಂಡೆ.

ಅವರು ಅಂಗಡಿ ಮುಚ್ಚಿ ಕಾರು ತಂದರು. ಗುರೂಜಿ ಹಜಾರದಲ್ಲೇ ಶುರುಮಾಡಿದರು. ಸಕ್ಕರೆ ಕಾಯಿಲೆಯವರ ಬಾಯಿಗೆ ಬಲವಂತದಿಂದ ಸಕ್ಕರೆ ಸುರಿದಿದ್ದಾರೆ, ಅದಕ್ಕೂ ಮೊದಲು ಏನು ಕೊಟ್ಟಿದ್ದರೋ ತಿಳಿಯದು, ನಿಮ್ಮ ತಾಯಿ ಮೊದಲೇ ಭಯ ಹೇಳಿಕೊಂಡಿದ್ದರು ಎಂದರು. ಬ್ಯಾಂಕಿನವರಿಗೆ ಆಗ ಮಾತು ಬಂತು, ತಮ್ಮ ಕೋಣೆಗೆ ನುಗ್ಗಿದ್ದನ್ನು ಹೇಳಿದರು, ಡಬ್ಬಿಯ ವಿಷಯ ಬಿಟ್ಟು. ನಾನು ಮಾತ್ರೆಯ ಪಟ್ಟಿಯನ್ನು ಯಜಮಾನರ ಕೈಗೆ ಕೊಟ್ಟೆ.

ಅವರು ಕನ್ನಡಕವನ್ನು ಹಣೆಗೇರಿಸಿ ಪಟ್ಟಿಯನ್ನು ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ದನಿ ತಗ್ಗಿಸಿದರು, ಆದರೂ ಎಲ್ಲರಿಗೂ ಕೇಳಿತು.

"ನಿಜ ಹೇಳು. ಅಮ್ಮಂಗೆ ಇದ್ನ ನೀನೇ ಕೊಟ್ಟೆಯಾ?"

ನನಗೆ ಆಗ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅಸಹ್ಯವಾಯಿತು. ನನ್ನ ಪಕ್ಕದಲ್ಲಿ ಮಲಗಿ ಎದ್ದ ಮನುಷ್ಯ, ಮಕ್ಕಳ ತಂದೆ, ನನ್ನ ಪುಸ್ತಕಗಳ ಮೊದಲ ಪ್ರತಿಯನ್ನು ಅಂಗಡಿಯ ಗಾಜಿನಲ್ಲಿ ಇಟ್ಟು ಗಿರಾಕಿಗಳಿಗೆ ತೋರಿಸುವ ಮನುಷ್ಯ. ಇಲ್ಲ ಎನ್ನುವ ಒಂದು ಮಾತನ್ನು ಈ ಮನುಷ್ಯನಿಗೆ ನಾನು ಯಾಕೆ ಹೇಳಬೇಕು ಎಂದುಕೊಂಡು ಸುಮ್ಮನೆ ನಿಂತೆ. ನಾನು ಸುಮ್ಮನಿದ್ದದ್ದನ್ನೂ ಆ ಜನ ತಮಗೆ ಬೇಕಾದ ಹಾಗೇ ಅರ್ಥಮಾಡಿಕೊಂಡರು.

"ಅವ್ಳನ್ನೇನೋ ಕೇಳೀಯೆ?"

ಅತ್ತೆಯ ದನಿ. ಅಗ್ರಹಾರದ ಬೀದಿಗೆಲ್ಲ ಕೇಳುವ ಆ ದನಿ. ಗುರೂಜಿ ಅಭ್ಯಾಸಬಲದಿಂದ ಕೈಯೆತ್ತಿದರು, ಅತ್ತೆ ಅವರ ಕಡೆ ತಿರುಗಿಯೂ ನೋಡಲಿಲ್ಲ.

"ನಾನೇ ನುಂಗ್ದೆ ಕಣೋ. ಬಂದಾಗಿಂದ ದಿನಾ ನುಂಗಿದೀನಿ. ಇವ್ಳು ಕೊಟ್ಟಿದ್ರೆ ನಾನು ತಗೊಂಡ್ಬುಡ್ತಿದ್ನಾ? ಇವತ್ತಿನ ಗಂಟ ಇವ್ಳ ಕೈಯಿಂದ ಒಂದು ಮಾತ್ರೆ ಈಸ್ಕೊಂಡಿಲ್ಲ ನಾನು. ಅಷ್ಟೂ ಗೊತ್ತಿಲ್ವಾ ನಿಂಗೆ, ಅದೇ ಮನೇಲಿ ಇದ್ಕಂಡು?"

ಯಜಮಾನರು ಪಟ್ಟಿಯನ್ನು ಜೇಬಿಗೆ ಹಾಕಿಕೊಂಡರು. ಅತ್ತೆ ನನ್ನನ್ನು ಬಿಡಿಸಿದ್ದು ಪ್ರೀತಿಯಿಂದಲ್ಲ, ಕೃತಜ್ಞತೆಯಿಂದಲೂ ಅಲ್ಲ. ನನ್ನ ಮೇಲೆ ಅವರಿಗಿದ್ದ ದ್ವೇಷದ ಬಗ್ಗೆ ಒಬ್ಬರು ತಪ್ಪು ತಿಳಿಯುವುದನ್ನು ಅವರಿಂದ ಸಹಿಸಲಾಗಲಿಲ್ಲ. ಅದು ಅಷ್ಟು ವರ್ಷ ಅವರು ನೇಮದಿಂದ ಕಾಪಾಡಿಕೊಂಡು ಬಂದದ್ದು. ಬ್ಯಾಂಕಿನವರು ಮೆಲ್ಲಗೆ ಎದ್ದು ತಮ್ಮ ಸಕ್ಕರೆ ಡಬ್ಬಿ ತೆಗೆದುಕೊಂಡು ಕೋಣೆಗೆ ಹೋದರು.

ಕಾರಿನಲ್ಲಿ ಆಸ್ಪತ್ರೆಗೆ ಹೋಗುವಾಗ ಯಜಮಾನರು, ನಾನು ಸುಮ್ಮನೆ ಕೇಳಿದೆ ಅಷ್ಟೇ, ಗಾಬರಿಯಲ್ಲಿ ಬಂತು ಎಂದರು. ಅದು ಸುಮ್ನೆ ಕೇಳೋ ಮಾತಲ್ಲ ಎಂದು ಹಿಂದಿನ ಸೀಟಿನಿಂದ ಅತ್ತೆ ಅಂದರು. ಆಸ್ಪತ್ರೆಯಲ್ಲಿ ಅವರಿಗೆ ಡ್ರಿಪ್ ಹಾಕಿ ಒಂದು ದಿನ ಇಟ್ಟುಕೊಂಡರು. ಮನೆಗೆ ಬಂದ ಮೇಲೆ ನಮ್ಮ ಜಗಳ ಎಂದಿನಂತೆ ಶುರುವಾಯಿತು, ಎಂದಿನಂತೆಯೇ ನಡೆಯುತ್ತಿದೆ. ಅವರು ಒಂದು ಅಂದರೆ ನಾನು ಎರಡು ಅನ್ನುತ್ತೇನೆ. ಆ ಜಗಳದಲ್ಲಿ ನನಗೆ ಯಾವ ಭಯವೂ ಇಲ್ಲ.

ಪ್ರಕಾಶಕರು ಆ ಕಾದಂಬರಿಯನ್ನು ಇನ್ನೂ ಕೇಳುತ್ತಿರುತ್ತಾರೆ. ಒಂದೆರಡು ಸಲ ಬರೆಯಲು ಕೂತೆ. ಕೊಂದವರು ಯಾರೆಂದು ಹೇಳಬಹುದು, ಅದು ಕಷ್ಟವಲ್ಲ. ಅನುಮಾನಕ್ಕೆ ಗುರಿಯಾದವಳು ಕೊನೆಯ ಅಧ್ಯಾಯದಲ್ಲಿ ನಿರಪರಾಧಿ ಎಂದು ಗೊತ್ತಾದ ಮೇಲೆ ಮನೆಗೆ ಹೋಗಬೇಕಲ್ಲ, ಅಲ್ಲಿಂದ ಮುಂದೆ ನನಗೆ ಹೊಳೆಯಲಿಲ್ಲ.

ಹೋದ ತಿಂಗಳು ಯಜಮಾನರಿಗೆ ಜ್ವರ ಬಂತು. ಗಂಜಿ ಮಾಡಿ ಕುಡಿಸಿದೆ. ಆಮೇಲೆ ನೀರಿನ ಲೋಟ, ಮಾತ್ರೆ ತೆಗೆದುಕೊಂಡು ಹೋದೆ. ಅವರು ಹಾಸಿಗೆಯಲ್ಲಿ ಎದ್ದು ಕೂತು, ಮಾತ್ರೆಯ ಪಟ್ಟಿಯನ್ನೂ ಕೊಡು ಎಂದು ಕೇಳಿ ಇಸಿದುಕೊಂಡರು. ಕನ್ನಡಕ ಹಣೆಗೇರಿಸಿ, ಪಟ್ಟಿಯ ಹಿಂದಿನ ಹೆಸರನ್ನು ಓದಿ, ಆಮೇಲೆ ನುಂಗಿದರು. ಮೊದಲಿನಿಂದಲೂ ಹಾಗೇ ಮಾಡುತ್ತಿದ್ದರೋ ಏನೋ, ನಾನು ಗಮನಿಸಿರಲಿಲ್ಲ.